ಚಕ್ರದ ಕೆಳಗಿನ ನಿಂಬೆಹಣ್ಣು

“ಅಯ್ಯೋ, ನಿಂಬೆಹಣ್ಣು ಯಾಕಮ್ಮ ಇಟ್ಟೆ? ನಾನೆಲ್ಲಿಗೂ ಹೋಗ್ತಿಲ್ಲ,” ಎಂದರು ರಾಯರು.

ನಾನು ಅವರ ಟ್ರಕ್ಕಿನ ಮುಂದೆ ಪೆಚ್ಚಾಗಿ ನಿಂತೆ. ಎಂಬತ್ತರ ದಶಕದ ಒಂದು ಭಾನುವಾರ, ಕಡಲಾಚೆಯ ಮಾರ್ಗನ್ ಹಿಲ್ ಊರಿನಲ್ಲಿ. ಪಕ್ಕದ ಮನೆಯ ರಾಯರು ಮೈಸೂರಿನ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಟ್ರಕ್ಕಿನ ಬೆನ್ನ ಮೇಲೆ ಅವರ ಕ್ಯಾಂಪರು, ಅಂದರೆ ಹಾಸಿಗೆ, ಒಲೆ ಎಲ್ಲ ಇರುವ ಪುಟ್ಟ ಮನೆ. ಅದನ್ನು ಎತ್ತಿ ಹಿಡಿಯುವ ಎಲೆಕ್ಟ್ರಿಕ್ ಜ್ಯಾಕುಗಳಲ್ಲಿ ಒಂದು ಕೆಟ್ಟಿತ್ತು. ಬೆಳಗಿನಿಂದ ಸ್ಪ್ಯಾನರು ಕೊಡುತ್ತ, ಹೊಸದನ್ನು ಕೂರಿಸಲು ನೆರವಾಗಿದ್ದೆ. ಸದ್ಯ, ಇನ್ನಾದರೂ ಮೊದಲಿನಂತೆ ಊರು ಸುತ್ತಲು ಹೊರಡುತ್ತಾರೆ ಎಂದುಕೊಂಡು, ನಮ್ಮ ಹಿತ್ತಲಿನ ನಿಂಬೆಹಣ್ಣು ಕಿತ್ತು ತಂದು ಚಕ್ರಗಳಡಿ ಇಟ್ಟಿದ್ದೆ.

“ಟ್ರಕ್ಕು ಸೇಲ್ ಮಾಡ್ಬಿಟ್ಟೆ ಕಣಮ್ಮ. ಕ್ಯಾಂಪರನ್ನ ಅದ್ರಿಂದ ಬಿಡಿಸೋಕೇ ಜ್ಯಾಕು ಬೇಕಿತ್ತು. ಮನೇಲಿ ನಂಗೆ ನಿದ್ದೆ ಬರಲ್ಲ. ಇದ್ರಲ್ಲಿ ಕಿಟಕಿ ಪಕ್ಕ ಅವಳ ಜಾಗ ಹಾಗೇ ಇದೆ.”

ಸ್ವಿಚ್ಚು ಒತ್ತಿದರು. ನಾಲ್ಕು ಜ್ಯಾಕುಗಳೂ ಗುರುಗುಟ್ಟುತ್ತ ಕ್ಯಾಂಪರನ್ನು ಮೇಲೆತ್ತಿದವು. ಆಮೇಲೆ ರಾಯರೇ ಟ್ರಕ್ಕನ್ನು ಅದರಡಿಯಿಂದ ಮೆಲ್ಲಗೆ ಮುಂದಕ್ಕೆ ತಂದರು. ನಿಂಬೆಹಣ್ಣುಗಳು ಪಚಕ್ಕನೆ ಒಡೆದವು. ಕ್ಯಾಂಪರು ತನ್ನ ನಾಲ್ಕು ಕಾಲಿನ ಮೇಲೆ ಅಲ್ಲೇ ನಿಂತಿತ್ತು. ರಾಯರು ಅದರ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋದರು.

ಇವತ್ತಿಗೂ ಯಾರಾದರೂ ಹೊಸ ಕಾರಿಗೆ ನಿಂಬೆಹಣ್ಣು ಇಟ್ಟರೆ ಎಲ್ಲರೂ ಕಾರು ನೋಡುತ್ತಾರೆ. ನಾನು ಮಾತ್ರ, ಅದು ಹೊರಟ ಮೇಲೆ ಹಿಂದೆ ಯಾರು ಉಳಿದರು ಎಂದು ನೋಡುತ್ತೇನೆ.