ಎಡಗೆನ್ನೆ ಉಬ್ಬಿದ ಚಿತ್ರದ ಮುಂದೆ

ಯಾರಾದರೂ ಮೈಮೇಲೆ ದೇವರು ಬಂತು, ಗಾಳಿ ಸೋಕಿತು ಎಂದರೆ ನಾನು ಮೊದಲು ಕೇಳುತ್ತಿದ್ದುದು, ಬೆಳಗ್ಗೆ ಏನು ತಿಂದಿದ್ದರು ಎಂದು. ಊರಿನ ಚರಂಡಿ, ಹೋಟೆಲಿನ ಅಡುಗೆಮನೆ, ಮಾರ್ಕೆಟ್ಟಿನ ಕೊಳೆತ ಮೀನು ಇವನ್ನೇ ನೋಡಿಕೊಂಡು ಆರೋಗ್ಯ ನಿರೀಕ್ಷಕನಾಗಿ ನಿವೃತ್ತನಾದವನು ನಾನು. ಕಂಡಲ್ಲಿ ಉಗುಳುವವರನ್ನು ಬೈಯುವುದೇ ನನ್ನ ಅರ್ಧ ನೌಕರಿಯಾಗಿತ್ತು. ದೆವ್ವವನ್ನು ಈಗಲೂ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಹಾಡಹಗಲಲ್ಲಿ, ನನ್ನ ಬಾಯಲ್ಲೇ ನಡೆದದ್ದನ್ನು ಸುಳ್ಳೆನ್ನಲೂ ಆಗುತ್ತಿಲ್ಲ. ಓದುವಾಗ ಹೇಸಿಗೆಯಾದರೆ ಕ್ಷಮಿಸಿ. ಬರೆಯುವಾಗ ನನಗೂ ಆಗುತ್ತಿದೆ.

ಶಿವಮೊಗ್ಗದ ಸವಳಂಗ ರಸ್ತೆಯ ಒಳಗೊಂದು ಅಡ್ಡರಸ್ತೆಯಲ್ಲಿ ಒಬ್ಬರೇ ಕಲಾವಿದರ ಚಿತ್ರಗಳನ್ನಿಟ್ಟ ಮ್ಯೂಸಿಯಂ ಇದೆ. ಅವರು ಭದ್ರಾವತಿಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಕಾರ್ಖಾನೆಯ ಗೇಟಿನೆದುರು ಕೂತು, ಶಿಫ್ಟ್ ಮುಗಿಸಿ ಬರುವವರನ್ನೆಲ್ಲ ಬರೆಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಗಳು ಶಿವಮೊಗ್ಗದ ತಮ್ಮ ಮನೆಯನ್ನೇ ಮ್ಯೂಸಿಯಂ ಮಾಡಿದ್ದರು. ಭದ್ರಾವತಿಯಲ್ಲಿರುವ ನನ್ನ ಅಕ್ಕ ಮಹಿಳಾ ಸಂಘದವರ ಜೊತೆ ಅಲ್ಲಿಗೆ ಹೋಗಿ ಬಂದವಳೇ ಫೋನು ಮಾಡಿದಳು.

“ಅಪ್ಪ ಅಲ್ಲಿದಾರೆ ಮಾರಾಯ. ಎಡಗೆನ್ನೇಲಿ ಎಲೆಅಡಿಕೆ ಇಟ್ಕೊಂಡು ಕೂತಿದಾರೆ. ಕೆಳಗೆ ಹೆಸರೇ ಇಲ್ಲ, ‘ಒಬ್ಬ ಕಾರ್ಮಿಕ’ ಅಂತ ಬರ್ದಿದಾರೆ. ನೀನೂ ಬಂದು ಹೌದು ಅಂದ್ರೆ ಹೆಸ್ರು ಹಾಕ್ತಾರಂತೆ.”

ಮನೆಯವರಲ್ಲಿ ಇಬ್ಬರಾದರೂ ಗುರುತು ಹೇಳಬೇಕೆಂದು ಕಲಾವಿದರ ಮಗಳು ಕೇಳಿದ್ದರು. ಉಳಿದಿರುವುದು ನಾವಿಬ್ಬರೇ. ಬರುತ್ತೇನೆ ಎಂದೆ. ಆದರೆ ನಾನು ಹೊರಟದ್ದು, ಇವರು ನಮ್ಮಪ್ಪ ಅಲ್ಲ ಎಂದು ಹೇಳಿ ಬರುವುದಕ್ಕೆ.

ಕಾರಣ ಮುಚ್ಚಿಡುವುದಿಲ್ಲ. ಅಪ್ಪ ಅದೇ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದವರು. ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ ಇವುಗಳ ಮುದ್ದೆ ನಿದ್ದೆಯಲ್ಲೂ ಅವರ ಎಡಗೆನ್ನೆಯಲ್ಲಿ ಇರುತ್ತಿತ್ತು. ಲೋಟದ ಅಂಚು, ದಿಂಬಿನ ಚೀಲ, ನನ್ನ ಶಾಲೆಯ ಪುಸ್ತಕ, ಎಲ್ಲದರ ಮೇಲೂ ಕೆಂಪು ಕಲೆ. ನಾನು ಅವರ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ಕಡೆಗೆ ಅದೇ ಕೆನ್ನೆಯಲ್ಲಿ ಹುಣ್ಣಾಯಿತು. ಅವರು ಉಗುಳುತ್ತಿದ್ದ ಡಬ್ಬವನ್ನು ತೊಳೆದವಳು ಅಕ್ಕ. ಪ್ರಾಣ ಹೋಗುವಾಗ, ಮಗ ಬಾಯಿಗೆ ನೀರು ಬಿಡಬೇಕೆಂದು ಹಿರಿಯರು ನನ್ನ ಕೈಗೆ ಲೋಟ ಕೊಟ್ಟರು. ಆ ಬಾಯಿಯ ಹತ್ತಿರ ಹೋಗಲು ನನ್ನಿಂದಾಗಲಿಲ್ಲ. ಲೋಟವನ್ನು ಅಕ್ಕನ ಕೈಗೆ ದಾಟಿಸಿ ಹೊರಗೆ ಹೋಗಿ ನಿಂತೆ.

ಆ ಭಾನುವಾರ ಅಕ್ಕನೂ ಜೊತೆಗೆ ಬಂದಳು. ಮ್ಯೂಸಿಯಮ್ಮಿನಲ್ಲಿ ಆ ಚಿತ್ರದ ಮುಂದೆ ನಾಲ್ಕೈದು ಕಾಲೇಜು ಹುಡುಗಿಯರಿದ್ದರು. ಒಬ್ಬೊಬ್ಬರಾಗಿ ಕೆನ್ನೆ ಉಬ್ಬಿಸಿಕೊಂಡು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬಂದವರೆಲ್ಲ ಹೀಗೇ ಮಾಡುತ್ತಾರೆ ಎಂದು ಕಲಾವಿದರ ಮಗಳು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇಂಥ ನಗೆಪಾಟಲಿನ ಕೆಳಗೆ ನಮ್ಮ ಮನೆತನದ ಹೆಸರು ಬೇರೆ.

ಹುಡುಗಿಯರು ಸರಿದ ಮೇಲೆ ನೋಡಿದೆ. ಅಪ್ಪನೇ. ತುಟಿಯ ಕೊನೆಯಲ್ಲಿ ಇಳಿದ ಕೆಂಪು ಗೆರೆಯನ್ನೂ ಆ ಮೇಷ್ಟರು ಬಿಟ್ಟಿರಲಿಲ್ಲ.

“ಏನ್ ಸರ್, ನಿಮ್ಮ ತಂದೆಯವರೇನಾ?” ಎಂದು ಮಗಳು ಕೇಳಿದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಲ್ಲ ಎನ್ನಲು ಬಾಯಿ ತೆರೆದೆ. ಬಾಯಿ ತುಂಬಿತ್ತು. ಬೆಳಗ್ಗೆ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಕುಡಿದ ಕಾಫಿ ಬಿಟ್ಟರೆ ನಾನು ಏನೂ ಮುಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಎಲೆಅಡಿಕೆ ಹಾಕಿದವನಲ್ಲ. ಆದರೂ ಎಡಗೆನ್ನೆಯಲ್ಲಿ ಉಗುರುಬೆಚ್ಚಗೆ, ಬೇರೆ ಯಾರೋ ಅಗಿದು ಬಿಟ್ಟ ಹಾಗೆ, ನಾರುನಾರಾದ ಒಂದು ಮುದ್ದೆ. ನಾಲಗೆಯ ಅಂಚಿನಲ್ಲಿ ಸುಣ್ಣದ ಉರಿ. ಗಂಟಲಿಗೆ ಇಳಿಯುವ ಹೊಗೆಸೊಪ್ಪಿನ ಕಹಿ. ಇನ್ನೊಬ್ಬರ ಎಂಜಲು ನನ್ನ ಬಾಯಲ್ಲಿದೆ ಎನಿಸಿದ ಕ್ಷಣಕ್ಕೆ ತಡೆಯಲಾಗಲಿಲ್ಲ. ಹೊಳೆಯುವ ಆ ನೆಲದ ಮೇಲೆ, ಅಷ್ಟು ಜನರೆದುರಿಗೆ, ಪಿಚಕ್ಕೆಂದು ಉಗುಳಿಬಿಟ್ಟೆ. ಕೆಂಪಗಿತ್ತು. ಗೋಡೆಗೂ ಸಿಡಿಯಿತು. ಹುಡುಗಿಯೊಬ್ಬಳು “ಛೀ” ಎಂದಳು. ಊರಿಗೆಲ್ಲ ನಾನು ಹೇಳುತ್ತಿದ್ದ ಮಾತು ಅದು.

ರಕ್ತವೇ ಇರಬೇಕು. ಅಪ್ಪನ ರೋಗ ನನಗೂ ಬಂತೆಂದುಕೊಂಡೆ. ಅಷ್ಟರಲ್ಲಿ ಅಕ್ಕ ಚೀಲದಿಂದ ಟವೆಲ್ ತೆಗೆದು ಮಂಡಿಯೂರಿ ಒರೆಸತೊಡಗಿದ್ದಳು. ಬರಿಗೈಯಲ್ಲಿ ಆ ಮುದ್ದೆಯನ್ನು ಬಳಿದು ಮೂಗಿನ ಹತ್ತಿರ ಹಿಡಿದಳು. ಮುಖ ಸಿಂಡರಿಸಲಿಲ್ಲ.

“ರಕ್ತ ಅಲ್ಲ, ಕಡ್ಡಿಪುಡಿ. ಯಾವಾಗಿಂದ ಶುರು ಮಾಡ್ಕೊಂಡೆ ಮಾರಾಯ?”

“ಇಲ್ಲ” ಎನ್ನಬೇಕಿತ್ತು. ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಎಡಗೆನ್ನೆಯೊಳಗೆ ಮತ್ತೆ ಬೆಚ್ಚಗಾಗುತ್ತಿತ್ತು. ಕಲಾವಿದರ ಮಗಳು ಹೆದರಿದ್ದರೂ ಪಾಪ, ಸೌಜನ್ಯದಿಂದ ಇನ್ನೊಮ್ಮೆ ಕೇಳಿದರು: “ಹಾಗಾದ್ರೆ ಹೆಸರು ಹಾಕ್ಲಾ ಸರ್?” ನಾನು ತುಟಿ ಬಿಗಿದುಕೊಂಡು ಹೌದೆಂದು ತಲೆಯಾಡಿಸಿದೆ. ಆ ಕೂಡಲೇ ಬಾಯಿ ಒಣಗಿತು. ಒರೆಸಿ ತೆಗೆದ ಹಾಗೆ ಎಲ್ಲ ಹೋಯಿತು.

ಮಾರನೆಯ ದಿನವೇ ಡಾಕ್ಟರಿಗೆ ತೋರಿಸಿದೆ. ಗಾಯವಿಲ್ಲ, ಕಲೆಯಿಲ್ಲ, ಏನೂ ಇಲ್ಲ. ಗೆಳೆಯರು ಮನಸ್ಸಿನ ಭ್ರಮೆ ಎನ್ನುತ್ತಾರೆ. ಭ್ರಮೆಯಾದರೆ ಅಕ್ಕನ ಟವೆಲ್ ಕೆಂಪಾದದ್ದು ಹೇಗೆ ಎಂದರೆ ಮಾತು ಬದಲಿಸುತ್ತಾರೆ.

ಈಗ ಆ ಚಿತ್ರದ ಕೆಳಗೆ ಅಪ್ಪನ ಹೆಸರಿದೆ. ಎಷ್ಟಾದರೂ ಹೆತ್ತಪ್ಪನಲ್ಲವೇ, ನನ್ನ ತಮ್ಮ ಪ್ರೀತಿಯಿಂದಲೇ ಒಪ್ಪಿದ ಎಂದು ಅಕ್ಕ ನೆಂಟರ ಮುಂದೆಲ್ಲ ಹೇಳುತ್ತಾಳೆ. ಹೇಳುವಾಗ ಅವಳ ಕಣ್ಣು ತುಂಬುತ್ತದೆ. ನನ್ನನ್ನು ಒಪ್ಪಿಸಿದ್ದು ಪ್ರೀತಿಯಲ್ಲ, ಹೇಸಿಗೆ ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.