ಮೇಸ್ತ್ರಿಗಳು ಉಜ್ಜಿದ ಸೂಜಿ

ಕನ್ನಡಕದ ಸ್ಕ್ರೂ ಎಲ್ಲೋ ಬಿದ್ದುಹೋಯಿತೆಂದು ಹೋದ ವಾರ ಹಳೇ ತಗಡಿನ ಡಬ್ಬಿಯನ್ನು ಮಂಚದ ಮೇಲೆ ಸುರಿದೆ. ಕೀಲಿಕೈ, ಗುಂಡಿ, ತುಕ್ಕು ಹಿಡಿದ ಬ್ಲೇಡು... ನಡುವೆ ಒಂದು ಹಿತ್ತಾಳೆ ಸೂಜಿ. ಬಟ್ಟೆ ಹೊಲಿಯುವುದಲ್ಲ, ಕಾರಿನ ಇಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬ್ಯುರೇಟರಿನದು. ಯಾವತ್ತೋ ಬಿಸಾಡಿದ್ದೇನೆ ಅಂದುಕೊಂಡಿದ್ದೆ. ಅರವತ್ತು ವರ್ಷದಿಂದ ನನ್ನ ಜೊತೆಗೇ ಮನೆ ಬದಲಾಯಿಸಿಕೊಂಡು ಬಂದಿದೆ, ಮುಂಡೇದು! ಜೇಬಿಗೆ ಹಾಕಿಕೊಂಡೆ. ಅವತ್ತು ಊಟ ಸೇರಲಿಲ್ಲ.

ಆಗ ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಮೇಸ್ತ್ರಿಗಳು. ಕಬ್ಬಿಣದ ಕುಲುಮೆಗೆ ಗಾಳಿ ಊದುವ ದೊಡ್ಡ ಬ್ಲೋವರನ್ನು ನೋಡಿಕೊಳ್ಳುತ್ತಿದ್ದವರು. ಇಪ್ಪತ್ತು ವರ್ಷ ಆ ಸದ್ದಿನಲ್ಲೇ ಇದ್ದು ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಸಾರಿಗೆ ಉಪ್ಪು ಕಮ್ಮಿ ಅಂದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಆದರೆ ಯಂತ್ರಕ್ಕೆ ಅಂಗೈ ಇಟ್ಟರೆಂದರೆ ಮುಗಿಯಿತು, ಯಾವ ಬೇರಿಂಗ್ ಯಾವಾಗ ಹೋಗುತ್ತದೆ ಎಂದು ಹೇಳಿಬಿಡುವರು.

ನನಗೆ ಕಾರಿನ ಹುಚ್ಚು. ಕಾಫಿ ತೋಟದವರೊಬ್ಬರು ಮೂಲೆಗೆ ತಳ್ಳಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಅಗ್ಗಕ್ಕೆ ತಂದಿದ್ದೆ. ನೋಡಲು ಚೆಂದ, ದಮ್ಮಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಂತರೆ ಸಾಕು, "ತಳ್ಳಬೇಕಾ ಸಾರ್?" ಎಂದು ಜಟಕಾದವರು ಕಿಚಾಯಿಸುತ್ತಿದ್ದರು.

ಒಂದು ದಿನ ಮೇಸ್ತ್ರಿಗಳು ಗೋಣಿಚೀಲದಲ್ಲಿ ಕುಂಬಳಕಾಯಿಯಷ್ಟು ದೊಡ್ಡದೇನನ್ನೋ ಹೊತ್ತು ತಂದರು. ಕರಗಿಸಲು ಬಂದ ಗುಜರಿಯಲ್ಲಿ ಯುದ್ಧಕಾಲದ ವಿಮಾನದ ಸಾಮಾನೂ ಇತ್ತಂತೆ. ಅದರೊಳಗಿನ ಪುಟ್ಟ ಬ್ಲೋವರು. ಗೇಟ್ ಪಾಸ್ ಮಾಡಿಸಿ, ಗುಜರಿ ಬೆಲೆಗೇ ತಂದಿದ್ದರು.

"ಮಾರಾಯ, ನಿನ್ ಇಂಜಿನ್‌ಗೆ ಉಸಿರೇ ಸಾಲಲ್ಲ. ನಾವೇ ಊದೋಣ," ಎಂದರು, ಬೀದಿಗೆಲ್ಲ ಕೇಳುವಂತೆ.

ಬ್ಲೋವರನ್ನು ತಿರುಗಿಸುವ ಪುಲ್ಲಿ ಚಕ್ರಕ್ಕೆ ನಾನು ನಕ್ಷೆ ಬರೆದೆ, ಎರಕ ಹೊಯ್ದವರು ಅವರ ಸ್ನೇಹಿತರು. ಬೆಲ್ಟು ಓಲ್ಡ್ ಟೌನಿನ ಅಕ್ಕಿ ಗಿರಣಿಯವರು ತೆಗೆದುಹಾಕಿದ್ದು. ಕೊನೆಗೆ ಉಳಿದದ್ದು ಈ ಸೂಜಿ. ದಪ್ಪವಿದ್ದರೆ ಇಂಜಿನ್ನಿಗೆ ಪೆಟ್ರೋಲು ಕಡಿಮೆ ಹೋಗುತ್ತದೆ, ತೆಳ್ಳಗಿದ್ದರೆ ಹೆಚ್ಚು. ಮೇಸ್ತ್ರಿಗಳು ಕಾರಿನಲ್ಲಿದ್ದ ಹಳೇ ಸೂಜಿಯಂಥದೇ ಇನ್ನೊಂದನ್ನು, ಅಂದರೆ ಇದನ್ನು, ಹುಡುಕಿ ತಂದು, ನಾಲ್ಕು ಸಂಜೆ ಜಗಲಿಯಲ್ಲಿ ಕೂತು ಉಪ್ಪುಕಾಗದದಲ್ಲಿ ಉಜ್ಜಿದರು. ಒಂದಿಷ್ಟು ಉಜ್ಜುವುದು, ಕಾರು ಓಡಿಸುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಸುಟ್ಟ ಬಣ್ಣ ನೋಡುವುದು, ಮತ್ತೆ ಉಜ್ಜುವುದು.

"ಕುಲುಮೆಗೆ ಗಾಳಿ ಜಾಸ್ತಿ ಕೊಟ್ರೆ ಇದ್ದಿಲೂ ಜಾಸ್ತಿ ಹಾಕ್ಬೇಕು. ಇದೂ ಹಂಗೇ. ಜೋರಾಗಿ ಓಡಿಸ್ದಾಗ ಪೆಟ್ರೋಲ್ ಕಮ್ಮಿ ಬಿದ್ರೆ ಇಂಜಿನ್ ಸುಟ್ಟೋಗುತ್ತೆ. ಈ ಸೂಜಿ ಮಾತ್ರ ಮುಟ್ಬೇಡ," ಎಂದರು.

ಅಬ್ಬಾ, ಆಮೇಲೆ ಆ ಕಾರು ಓಡಿದ ಓಟ! ಸುದ್ದಿ ಇಂಜಿನಿಯರ್ ಸಾಹೇಬರಿಗೂ ಮುಟ್ಟಿತು. ಆಗ ಬ್ಲೋವರ್ ಹೌಸಿಗೆ ಫೋರ್‌ಮನ್ ಬೇಕಾಗಿತ್ತು. ಮೇಸ್ತ್ರಿಗಳಿಗೆ ಡಿಪ್ಲೊಮಾ ಇಲ್ಲ. ನೀವೇ ಮಾಡಿದ್ದನ್ನು ನಾನೇ ಓಡಿಸಿ ನೋಡುತ್ತೇನೆ, ಸರಿ ಕಂಡರೆ ಆ ಕೆಲಸ ನಿಮಗೇ ಕೊಡಿ ಎಂದು ಮೇಲಿನವರಿಗೆ ಬರೆಯುತ್ತೇನೆ ಎಂದರು ಸಾಹೇಬರು. ಭಾನುವಾರ ಅಂತ ನಿಗದಿಯಾಯಿತು. ಮೇಸ್ತ್ರಿಗಳು ಹೊಸ ಅಂಗಿ ಹೊಲಿಸಿದರು.

ಇನ್ನು ನನ್ನ ಘನಕಾರ್ಯ ಕೇಳಿ. ಕಾರು ಪೆಟ್ರೋಲನ್ನು ನೀರು ಕುಡಿದಂತೆ ಕುಡಿಯುತ್ತಿತ್ತು. ನನ್ನ ಸಂಬಳಕ್ಕೆ ಅದು ಎಲ್ಲಿ ತಡೆದೀತು? ಗುರುವಾರ, ಅವರು ಡ್ಯೂಟಿಯಲ್ಲಿದ್ದಾಗ, ತೆಳ್ಳಗಿನ ಸೂಜಿ ತೆಗೆದು ಹಳೇ ದಪ್ಪ ಸೂಜಿ ಹಾಕಿಬಿಟ್ಟೆ. ಆಫೀಸಿಗೆ ಹೋಗಿಬರಲು ಸಾಕು, ಭಾನುವಾರ ಬೆಳಿಗ್ಗೆ ಬದಲಾಯಿಸಿದರಾಯಿತು ಅಂತ.

ಭಾನುವಾರ ಸಾಹೇಬರು ಒಂದು ಗಂಟೆ ಮೊದಲೇ ಬಂದುಬಿಟ್ಟರು. ನಾನು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವರು ಸ್ಟೀರಿಂಗ್ ಹಿಡಿದಾಗಿತ್ತು, ಮೇಸ್ತ್ರಿಗಳು ಪಕ್ಕದಲ್ಲಿ ಕೂತಾಗಿತ್ತು. "ಒಂದು ನಿಮಿಷ ಸಾರ್" ಅಂದಿದ್ದರೆ ಆಗುತ್ತಿತ್ತು. ಸೂಜಿ ಜೇಬಿನಲ್ಲೇ ಇತ್ತು. ಬಾನೆಟ್ ತೆಗೆದರೆ ನಾನು ಮಾಡಿದ್ದು ಬಯಲಾಗುತ್ತದಲ್ಲ... ನಾಚಿಕೆ. ಕೈಬೀಸಿ ಕಳಿಸಿಕೊಟ್ಟೆ.

ಹನ್ನೊಂದು ಗಂಟೆಗೆ ಕಾರನ್ನು ಎತ್ತಿನ ಗಾಡಿ ಎಳೆದುಕೊಂಡು ಬಂತು. ಮಾಚೇನಹಳ್ಳಿ ಹತ್ತಿರ ಹೊಗೆ ಎದ್ದು ನಿಂತಿತ್ತಂತೆ. ಸಾಹೇಬರು ಲಾರಿ ಹತ್ತಿ ಹೋಗಿದ್ದರು. ಮೇಸ್ತ್ರಿಗಳ ಹೊಸ ಅಂಗಿಯೆಲ್ಲ ಎಣ್ಣೆ. ಇಂಜಿನ್ ಬಿಚ್ಚಿದೆವು. ಪಿಸ್ಟನ್ ಕರಗಿ ತೂತು ಬಿದ್ದಿತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತೂತಿನ ಅಂಚನ್ನು ಬೆರಳಿನಿಂದ ಸವರಿದರು.

"ಸೂಜಿ ನೋಡಿದ್ಯಾ?" ಎಂದು ಕೇಳಿದರು. ಆವತ್ತೇ ಮೊದಲು ಅವರು ಮೆಲ್ಲಗೆ ಮಾತಾಡಿದ್ದು.

"ನೋಡ್ದೆ. ನೀವು ಹಾಕಿದ್ದೇ ಇದೆ," ಅಂದೆ.

ನಂಬಿದರು. ಎದ್ದು ಹೋಗಿ ನೋಡಲೂ ಇಲ್ಲ. "ಹಂಗಾದ್ರೆ ಗಾಳಿ ಲೆಕ್ಕ ನಂದೇ ತಪ್ಪಿದೆ. ನಿನ್ ಗಾಡಿ ಹಾಳು ಮಾಡ್ಬಿಟ್ನಲ್ಲ ಮಾರಾಯ."

ಫೋರ್‌ಮನ್ ಆಗಿ ಡಿಪ್ಲೊಮಾದ ಹುಡುಗನೊಬ್ಬ ಬಂದ. ಅದಾದರೂ ಹೋಗಲಿ. ಆಮೇಲೆ ಮೇಸ್ತ್ರಿಗಳು ಯಂತ್ರಕ್ಕೆ ಅಂಗೈ ಇಟ್ಟು, ಪಕ್ಕದವನನ್ನು ಕರೆದು "ನೀನೂ ಒಂದ್ಸಲ ನೋಡಪ್ಪ" ಅನ್ನತೊಡಗಿದರು. ಎರಡು ಸಲ ನನ್ನ ಕಣ್ಣಾರೆ ಕಂಡೆ. ಹೇಳಿಬಿಡಬೇಕು ಎಂದು ಎಷ್ಟೋ ಸಂಜೆ ಅವರ ಜಗಲಿಯವರೆಗೂ ಹೋಗಿ, ಕಾಫಿ ಕುಡಿದು ವಾಪಸ್ ಬಂದಿದ್ದೇನೆ. ಹೇಡಿ ನಾನು. ವರ್ಷದೊಳಗೆ ಶಿವಮೊಗ್ಗದಲ್ಲಿ ಬೇರೆ ಕೆಲಸ ಹಿಡಿದೆ. ಅವರು ತೀರಿಕೊಂಡ ಸುದ್ದಿ ತಿಂಗಳು ಕಳೆದ ಮೇಲೆ ತಿಳಿಯಿತು...

ಮೊನ್ನೆ ಅವರ ಮಗಳು ತನ್ನ ಮೊಮ್ಮಗಳ ಮದುವೆಗೆ ಕರೆಯಲು ಬಂದಿದ್ದಳು. ಕಾರಿಗೆ ಗೋಣಿ ಹೊದಿಸಿದ್ದಾಗ ಅದರ ಮೇಲೆ ಹತ್ತಿ ಕುಣಿಯುತ್ತಿದ್ದ ಹುಡುಗಿ, ಈಗ ತಲೆಯೆಲ್ಲ ಬೆಳ್ಳಗೆ. ಕುಂಕುಮ ಕೊಟ್ಟು, ಕಾಫಿ ಕುಡಿದು, ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು.

"ನಮ್ಮಪ್ಪ ಕೊನೇವರೆಗೂ ಅದನ್ನೇ ಹೇಳ್ತಿದ್ರು. ಪಾಪ ಆ ಹುಡುಗನ ಕಾರು ಸುಟ್ಟುಬಿಟ್ಟೆ, ಒಂದು ಮಾತು ಬೈಲಿಲ್ಲ ಅವ್ನು ಅಂತ. ಅವ್ರ ಪರವಾಗಿ ನಾನು ಕೇಳ್ಕೋತೀನಿ, ಕ್ಷಮಿಸ್ಬಿಡಿ ಮಾವ," ಎಂದಳು.

ಸೂಜಿ ನನ್ನ ಜೇಬಿನಲ್ಲೇ ಇತ್ತು.

"ಹೋಗ್ಲಿ ಬಿಡಮ್ಮ," ಎಂದು ಅವಳ ತಲೆ ಮುಟ್ಟಿ ಕ್ಷಮಿಸಿ ಕಳಿಸಿದೆ.