ಗಂಟೆ ತಡವಾದ ಕಾರಣ

ಮಾವಶಿಯವರ ಮುಖಕ್ಕಿಂತ ಬೆನ್ನು ನನಗೆ ಹೆಚ್ಚು ನೆನಪಿದೆ. ಕುಪ್ಪಸದ ಹೊಲಿಗೆ ಎರಡೂ ಭುಜಗಳ ಹತ್ತಿರ ಬಿಟ್ಟು, ಬೇರೆ ಬಣ್ಣದ ದಾರದಿಂದ ಮತ್ತೆ ಹಾಕಿದ್ದು. ನಡುಬೆನ್ನಿನಲ್ಲಿ ಬೆವರಿನ ಉದ್ದನೆಯ ಕಲೆ. ಎರಡೂ ಕೈ ಚಾಚಿ ಸೆರಗನ್ನು ಗೋಡೆಯಿಂದ ಗೋಡೆಗೆ ಎಳೆದು ಹಿಡಿದು, ನಮಗೆ ಬೆನ್ನು ಮಾಡಿ ಅವರು ನಿಲ್ಲುತ್ತಿದ್ದರು. ನಮ್ಮ ಹೈಸ್ಕೂಲಿನ ಹುಡುಗಿಯರ ಸಂಡಾಸಕ್ಕೆ ಇದ್ದ ಬಾಗಿಲು ಅದೊಂದೇ.

ಅವರು ಶಾಲೆಯ ಸಿಪಾಯಿ; ಚಿಕ್ಕಮ್ಮ ಎನ್ನುವಂತೆ ನಾವೆಲ್ಲ ಮಾವಶಿ ಎನ್ನುತ್ತಿದ್ದೆವು. ಗಂಡ ಇದೇ ಕೆಲಸದಲ್ಲಿದ್ದು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಬಂದವರು. ಗಂಟೆ ಹೊಡೆಯುವುದು, ನೀರು ತುಂಬುವುದು, ಆಫೀಸಿನ ಕಾಗದ ಒಯ್ಯುವುದು ಅವರ ಕೆಲಸ. ಸೆರಗು ಹಿಡಿದು ನಿಲ್ಲುವುದು ಯಾವ ಆದೇಶದಲ್ಲೂ ಇರಲಿಲ್ಲ.

ಶಾಲೆ ನಿಪ್ಪಾಣಿಯ ಹೊರವಲಯದಲ್ಲಿ, ಹಳೆಯ ತಂಬಾಕಿನ ಗೋದಾಮಿನಲ್ಲಿ ಶುರುವಾದದ್ದು. ಹೊಸ ಕೋಣೆಗಳು ಆಮೇಲೆ ಬಂದವು. ನಾವು ಒಂಬತ್ತನೆಯ ತರಗತಿ ಓದಿದ್ದು ಮಾತ್ರ ಗೋದಾಮಿನಲ್ಲೇ. ಮಳೆಗಾಲದಲ್ಲಿ ಗೋಡೆ ತೇವವಾದರೆ ಒಬ್ಬೊಬ್ಬರಾಗಿ ಸೀನತೊಡಗುತ್ತಿದ್ದೆವು. ಮಾವಶಿ ನಗುತ್ತಿದ್ದರು. "ನಮ್ಮವ್ವ ಇದ ಜಾಗಾದಾಗ ಇಪ್ಪತ್ತ ವರ್ಷ ತಂಬಾಕ ಕುಟ್ಯಾಳ. ಅಕಿ ಸೀನಿದ್ದೆಲ್ಲಾ ಗ್ವಾಡಿ ಒಳಗ ಐತಿ. ಈಗ ನಿಮಗ ಹತ್ತೈತಿ" ಎನ್ನುತ್ತಿದ್ದರು. ಶಾಲೆಯ ಇತಿಹಾಸವನ್ನು ನನಗೆ ಹೇಳಿದವರು ಅವರೊಬ್ಬರೇ. ಆಫೀಸಿನ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಇತ್ತು. ತಂಬಾಕು ಕುಟ್ಟಿದವರ ಮಾತು ಅದರಲ್ಲಿರಲಿಲ್ಲ.

ಸಂಡಾಸಕ್ಕೆ ಮೊದಲು ಬಾಗಿಲಿತ್ತು. ಒಳ್ಳೆಯ ಮರದ ಬಾಗಿಲು. ಸರ್ಕಾರ ಹುಡುಗಿಯರಿಗೆ ಸೈಕಲ್ ಕೊಡತೊಡಗಿದ ಕಾಲ ಅದು. ಹುಡುಗಿಯರು ಶಾಲೆ ಬಿಡಬಾರದೆಂದು ಆ ಯೋಜನೆ. ಸೈಕಲ್ ಹಂಚಲು ದೊಡ್ಡವರು ಬರುತ್ತಾರೆಂದು ಅಂಗಳದಲ್ಲಿ ವೇದಿಕೆ ಕಟ್ಟಿದರು. ಹಲಗೆ ಕಡಿಮೆ ಬಿದ್ದವು. ಹುಡುಗಿಯರ ಸಂಡಾಸದ ಬಾಗಿಲು ಕಿತ್ತು ತಂದು ಹಾಸಿ, ಮೇಲೆ ಕೆಂಪು ಜಮಖಾನೆ ಹೊದಿಸಿದರು. ನಾನು ಅದೇ ವೇದಿಕೆ ಹತ್ತಿ, ಬಹುಶಃ ಅದೇ ಬಾಗಿಲಿನ ಮೇಲೆ ನಿಂತು, ಸೈಕಲ್ಲಿನ ಕೀಲಿ ತೆಗೆದುಕೊಂಡು ಕೈ ಮುಗಿದೆ. ಮರುದಿನ ಜಮಖಾನೆ ಶಾಲೆಗೆ ಮರಳಿತು. ಬಾಗಿಲು ಮರಳಲಿಲ್ಲ. ಅದು ಯಾರ ದನದ ಕೊಟ್ಟಿಗೆಗೆ ಹೋಯಿತೆಂಬುದು ಊರಿಗೆಲ್ಲ ಗೊತ್ತಿತ್ತು. ಯಾರೂ ಕೇಳಲಿಲ್ಲ.

ನಾವು ಮಾಡಿದ್ದು ಒಂದೇ. ನೀರು ಕುಡಿಯುವುದನ್ನು ಬಿಟ್ಟೆವು. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಐದರವರೆಗೆ ಒಂದು ಗುಟುಕಿಲ್ಲ. ನಮಗೆ ಕಲಿಸುತ್ತಿದ್ದ ಬಾಯಿಯವರು ಪಕ್ಕದ ಓಣಿಯಲ್ಲಿ ಪರಿಚಯದವರ ಮನೆಯ ಸಂಡಾಸಕ್ಕೆ ಹೋಗಿ ಬಂದು, ಸೆರಗು ಸರಿಮಾಡಿಕೊಂಡು, ಆರೋಗ್ಯವೇ ಭಾಗ್ಯ ಎಂದು ಪಾಠ ಮಾಡುತ್ತಿದ್ದರು. ಆ ದನಿ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಎರಡು ತಿಂಗಳಲ್ಲಿ ನನಗೆ ಉರಿಮೂತ್ರ ಶುರುವಾಯಿತು. ಚಳಿಜ್ವರ ಬಂತು. ಕೊಲ್ಲಾಪುರದ ದವಾಖಾನೆಯಲ್ಲಿ ನಾಲ್ಕು ದಿನ ಇದ್ದೆ. ಮನೆಗೆ ಬಂದ ಮೇಲೆ ಅಪ್ಪ, "ಸಾಲಿ ಸಾಕ" ಎಂದರು, ಅಷ್ಟೇ.

ಮೂರನೆಯ ದಿನ ಮಾವಶಿ ಮನೆಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಅಪ್ಪನೊಡನೆ ಮಾತಾಡಿದರು.

"ಅಣ್ಣಾರ, ಹುಡುಗಿನ್ನ ಕಳಸ್ರಿ."

"ಕಳಿಸಿ ಏನ ಮಾಡೂದೈತಿ? ಮತ್ತ ದವಾಖಾನಿಗಿ ಒಯ್ಯೂದೇನು? ಬಾಗಲಾ ಹಚ್ಚಸ್ರಿ, ಆಮ್ಯಾಲ ನೋಡೂನು."

"ಬಾಗಲಾ ಹಚ್ಚಸೂದ ನನ್ನ ಕೈಯಾಗ ಇಲ್ರಿ. ನಿಂದ್ರೂದ ನನ್ನ ಕೈಯಾಗ ಐತಿ. ನಾ ನಿಂದರ್ತೀನಿ."

ಅಪ್ಪ ನಕ್ಕರು. "ಎಷ್ಟ ದಿನಾ ನಿಂದರ್ತಿಯವ್ವಾ?"

"ಈಕಿ ಹತ್ತನೇತ್ತಾ ಮುಗಸೂ ತನಕಾ ನಿಂದರ್ತೀನ್ರಿ."

ಮರುದಿನದಿಂದ ಅವರು ನಿಂತರು. ವಿರಾಮದಲ್ಲಿ ನಾವು ಸಾಲಾಗಿ ಹೋಗುತ್ತಿದ್ದೆವು. "ನೀರ ಕುಡದೀರೇನಬೇ? ಕುಡೀಲಿಲ್ಲಂದ್ರ ಇಲ್ಲಿ ಬರಬ್ಯಾಡ್ರಿ. ಉಚ್ಚಿ ಕಟಗೊಂಡ ಕುಂದ್ರಾಕ ಅದೇನ ದನಾ ಅಲ್ಲ" ಎಂದು ಬಯ್ಯುತ್ತಿದ್ದರು. ಸಂಡಾಸದ ಪಕ್ಕದ ಗೋಡೆಯ ಮೇಲೆ ಹುಡುಗರು ಇದ್ದಿಲಿನಿಂದ ಏನೇನೋ ಬರೆದಿದ್ದರು. ಅದನ್ನು ನೋಡುವ ನೆಪದಲ್ಲಿ ಸುಳಿದವರಿಗೆ ಮಾವಶಿ ನಿಂತಲ್ಲಿಂದಲೇ ಕೂಗುತ್ತಿದ್ದರು: "ಯಾಕಲೇ ಮಂಗ್ಯಾ, ಪುಸ್ತಕದಾಗಿಂದ ಓದಾಕ ಬರೂದಿಲ್ಲ, ಗ್ವಾಡಿ ಮ್ಯಾಲಿಂದ ಓದಾಕ ಬಂದೇನು? ಬಾ, ಮಾಸ್ತರ ಮುಂದ ದನೀ ತಗದ ಓದ ಬಾ!" ಒಳಗಿದ್ದವಳಿಗೂ ನಗು ತಡೆಯುತ್ತಿರಲಿಲ್ಲ.

ಕೊನೆಯ ಹುಡುಗಿ ಹೊರಗೆ ಬಂದ ಮೇಲೆ ಅವರು ಓಡಿಹೋಗಿ ಗಂಟೆ ಹೊಡೆಯಬೇಕು. ಆದ್ದರಿಂದ ವಿರಾಮ ಮುಗಿಯುವ ಗಂಟೆ ದಿನವೂ ನಾಲ್ಕೈದು ನಿಮಿಷ ತಡ. ತಿಂಗಳುಗಟ್ಟಲೆ ಅದು ಯಾರಿಗೂ ತೊಂದರೆಯಾಗಲಿಲ್ಲ. ಪಾಲಕರ ಸಭೆಯಲ್ಲಿ ಮಾವಶಿ ನೀರಿನ ಗ್ಲಾಸು ಹಂಚುತ್ತ, ಎಲ್ಲರ ಎದುರಿಗೆ, "ಸರ್, ಹುಡುಗ್ಯಾರ ಸಂಡಾಸದ ಬಾಗಲಾ ಎಲ್ಲಿ ಹೋತ್ರಿ?" ಎಂದು ಕೇಳಿದರು. ಹೆಡ್‌ಮಾಸ್ತರರು ಕೆಮ್ಮಿದರು. ಅದರ ಮರುವಾರವೇ ಗಂಟೆಯ ತೊಂದರೆ ಶುರುವಾಯಿತು. ಕರ್ತವ್ಯಲೋಪ ಎಂದು ನೋಟೀಸು ಕೊಟ್ಟರು. ವಿಚಾರಣೆಗೆ ಚಿಕ್ಕೋಡಿಯಿಂದ ಒಬ್ಬ ಸಾಹೇಬರು ಬಂದರು.

ವಿಚಾರಣೆ ನಡೆದದ್ದು ನಮ್ಮ ತರಗತಿಯಲ್ಲಿ. ಒಂದು ಬದಿ ನಲವತ್ತು ಹುಡುಗರು, ಇನ್ನೊಂದು ಬದಿ ಹದಿನಾಲ್ಕು ಹುಡುಗಿಯರು. ಮಾವಶಿ ಕರಿಹಲಗೆಯ ಪಕ್ಕ ಕೈ ಕಟ್ಟಿ ನಿಂತಿದ್ದರು.

"ಗಂಟಿ ದಿನಾ ತಡಾ ಆಕ್ಕೈತೇನು?"

"ಹೌದ್ರೀ ಸರ್!" ಎಂದರು ಹುಡುಗರು ಒಂದೇ ದನಿಯಲ್ಲಿ.

"ಯಾಕ?"

"ನಾ ಹೇಳ್ತೀನ್ರಿ ಸಾಹೇಬ್ರ" ಎಂದರು ಮಾವಶಿ.

"ನಿಂದ ಬಿಡು. ನಿನ್ನ ಮಾತಿಗಿ ಸಾಕ್ಷಿ ಬೇಕು."

"ಹಂಗಾರ ಹುಡುಗ್ಯಾರನ ಕೇಳ್ರಿ. ಹೇಳ್ತಾರ."

ಸಾಹೇಬರು ನಮ್ಮ ಕಡೆ ತಿರುಗಿದರು. ಮಾವಶಿ ನನ್ನನ್ನೇ ನೋಡಿದರು. ನಾನು ತರಗತಿಯ ಮಾನಿಟರ್. ಯಾವ ಪ್ರಶ್ನೆಗೂ ಮೊದಲು ಏಳುವವಳು. ಹೇಳಬೇಕಾದದ್ದು ಒಂದೇ ವಾಕ್ಯ. ಆದರೆ ಆ ವಾಕ್ಯದಲ್ಲಿ ಸಂಡಾಸ ಎಂಬ ಶಬ್ದವಿತ್ತು, ಎದುರಿಗೆ ನಲವತ್ತು ಹುಡುಗರಿದ್ದರು. ಹಿಂದಿನ ಬೆಂಚಿನಿಂದ ಯಾರೋ ಬಾಯಲ್ಲಿ ನೀರು ಸುರಿಯುವ ಸಪ್ಪಳ ಮಾಡಿದ. ಎಲ್ಲರೂ ನಕ್ಕರು. ಹೆಡ್‌ಮಾಸ್ತರರೂ ನಕ್ಕರು. ಗಂಟೆ ತಡವಾಗುವ ಕಾರಣ ಆ ಕೋಣೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು ಎಂಬುದಕ್ಕೆ ಆ ನಗುವೇ ಸಾಕ್ಷಿ. ನಾನು ಕಂಪಾಸ್ ಪೆಟ್ಟಿಗೆಯ ಮುಚ್ಚಳ ನೋಡುತ್ತ ಕುಳಿತೆ. ಹದಿನಾಲ್ಕು ಜನರಲ್ಲಿ ಒಬ್ಬಳೂ ಏಳಲಿಲ್ಲ.

"ವಿದ್ಯಾರ್ಥಿನಿಯರು ಯಾವ ಕಾರಣವನ್ನೂ ಹೇಳಲಿಲ್ಲ" ಎಂದು ಸಾಹೇಬರು ಗಟ್ಟಿಯಾಗಿ ಓದುತ್ತ ಬರೆದುಕೊಂಡರು.

ಮಾವಶಿಯವರನ್ನು ಹಾರೂಗೇರಿಯ ಆಚೆಯ ಒಂದು ಶಾಲೆಗೆ ಹಾಕಿದರು. ನಿಪ್ಪಾಣಿಯಿಂದ ಎರಡು ಬಸ್ಸು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಕಾಲಿನ ಹುಣ್ಣು ಮಾಯಲಿಲ್ಲ. ಒಂದೂವರೆ ವರ್ಷಕ್ಕೆ ತಾವಾಗಿಯೇ ಕೆಲಸ ಬಿಟ್ಟರೆಂದು ಕೇಳಿದೆ. ನಮ್ಮ ಹದಿನಾಲ್ಕು ಜನರಲ್ಲಿ ಹತ್ತನೆಯ ತರಗತಿಗೆ ಬಂದವರು ಒಂಬತ್ತು. ನಾನು ಮತ್ತೆ ನೀರು ಕುಡಿಯುವುದನ್ನು ಬಿಟ್ಟೆ. ಹಟದಿಂದ ಪಾಸಾದೆ, ಕಾಲೇಜಿಗೆ ಹೋದೆ, ವಿಶ್ವವಿದ್ಯಾಲಯಕ್ಕೂ ಹೋದೆ. ಅವರ ಮನೆಗೆ ಒಮ್ಮೆ ಹೋಗಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಹೋಗಲಿಲ್ಲ.

ನಾನು ಎಂ.ಎ. ಮುಗಿಸಿದ ವರ್ಷ ಶಾಲೆಯ ಸುವರ್ಣ ಮಹೋತ್ಸವವಾಯಿತು. ಹಳೆಯ ವಿದ್ಯಾರ್ಥಿನಿಯಾಗಿ ಎರಡು ಮಾತಾಡಲು ಕರೆದರು. ಗೇಟಿಗೆ ಹೊಸ ಕಮಾನು ಬಂದಿತ್ತು. ಅದರ ಮೇಲೆ ದಾನಿಗಳ ಹೆಸರು. ಮಾವಶಿ ಸತ್ತು ಮೂರು ತಿಂಗಳಾಯಿತೆಂದು ಅವತ್ತೇ, ಅಲ್ಲಿಯೇ, ಹಾದುಹೋಗುವ ಮಾತಿನಲ್ಲಿ ಯಾರೋ ಹೇಳಿದರು.

ನಾನು ಮೈಕಿನ ಮುಂದೆ ಬರೆದು ತಂದದ್ದನ್ನು ಓದಲಿಲ್ಲ. ಬಾಗಿಲು ಹೇಗೆ ಹೋಯಿತು, ಯಾರು ನಿಂತರು, ಗಂಟೆ ಯಾಕೆ ತಡವಾಗುತ್ತಿತ್ತು, ಎಲ್ಲ ಹೇಳಿದೆ. ಸಂಡಾಸ ಎಂಬ ಶಬ್ದವನ್ನು ಮೂರು ಸಲ ಅಂದೆ. ಜನ ಸಿಟ್ಟಾಗುತ್ತಾರೆ, ಮೈಕು ಕಸಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಾಳೆ ತಟ್ಟಿದರು. ಅಂದಿನ ಹೆಡ್‌ಮಾಸ್ತರರು, ನಿವೃತ್ತರು, ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕಣ್ಣು ಒರೆಸಿಕೊಂಡರು. "ಎಷ್ಟ ಧೈರ್ಯದ ಹುಡುಗಿ! ನಮ್ಮ ಸಾಲಿ ಕಲಿಸಿದ್ದ ಇದನ್ನ" ಎಂದರು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಂಡರು. ಹೇಸಿಗೆ ಬಂತು. ಅವರನ್ನು ಕಂಡು ಬಂದದ್ದೆಷ್ಟು, ನನ್ನನ್ನು ಕಂಡು ಬಂದದ್ದೆಷ್ಟು ಎಂದು ಬೇರೆ ಮಾಡಿ ಹೇಳಲಾರೆ.

ಶಾಲು, ಬುಟ್ಟಿ ಎರಡನ್ನೂ ಹಿಡಿದು ನೇರವಾಗಿ ಮಾವಶಿಯವರ ಮನೆಗೆ ಹೋದೆ. ಅವರ ಮಗಳು ಬಾಗಿಲು ತೆರೆದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕುಳ್ಳಿರಿಸಿ ಚಹಾ ತಂದಿಟ್ಟಳು. ನಾನು ಭಾಷಣದ ಸುದ್ದಿ ಹೇಳಿ ಶಾಲನ್ನು ಮುಂದೆ ಚಾಚಿದೆ. ಅವಳು ಮುಟ್ಟಲಿಲ್ಲ.

"ಚಿಕ್ಕೋಡಿ ಸಾಹೇಬ್ರ ಬಂದಿದ್ರಲ್ಲರಿ," ಎಂದಳು, "ಆವತ್ತ ನೀವೂ ಆ ಕ್ಲಾಸಿನ್ಯಾಗ ಇದ್ರೇನ್ರಿ?"

"ಇದ್ದೆ."

ಅವಳು ನನ್ನ ಕೈಯಲ್ಲಿದ್ದ ಶಾಲನ್ನು ನೋಡಿದಳು. ಆಮೇಲೆ ಕಪ್ಪನ್ನು ನನ್ನ ಕಡೆ ಸರಿಸಿದಳು.

"ಚಾ ಆರ್ತೈತಿ. ಕುಡದ ಹೋಗ್ರಿ."